ಡ್ರಮ್ಮಿಗೆ ಔಷಧ ಬಿದ್ದಿದೆಯೇ?

ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಅನುಮಾನ ಯಾರಿಗೆ ಬಂದಿಲ್ಲ, ಹೇಳಿ? ಸಾರಾದರೆ ಒಂದು ಹನಿ ನಾಲಿಗೆಗೆ ಹಚ್ಚಿ ನೋಡಬಹುದು. ದ್ರಾಕ್ಷಿಗೆ ಕಲಸಿದ ಔಷಧವನ್ನು ಹಾಗೆ ನೋಡಲಾದೀತೇ?

ಅಥಣಿ ಹತ್ತಿರದ ಸತ್ತಿ ಊರಿನ ವಿರುಪಾಕ್ಷಪ್ಪನಿಗೆ ಎರಡೆಕರೆ ದ್ರಾಕ್ಷಿ ತೋಟ. ಕಾಯಿ ಮೆಣಸಿನ ಕಾಳಿನಷ್ಟಾದಾಗ ಒಂದೊಂದೇ ಗೊನೆಯನ್ನು ಔಷಧದ ನೀರಿನಲ್ಲಿ ಅದ್ದಬೇಕು. ದಿನ ತಪ್ಪಿದರೆ ಕಾಯಿ ಉಬ್ಬುವುದಿಲ್ಲ. ಔಷಧ ಹೆಚ್ಚಾದರೆ ತೊಟ್ಟು ಬಿರುಸಾಗಿ ಕಾಯಿ ಉದುರುತ್ತದೆ. ಹೋದ ವರ್ಷ ಒಂದೇ ಡ್ರಮ್ಮಿಗೆ ಅಪ್ಪನೂ ಹಾಕಿದ, ಮಗ ಭರತನೂ ಹಾಕಿದ. ಅರ್ಧ ತೋಟದ ಕಾಯಿ ನೆಲ ಕಂಡಿತು. ಆದರೂ ವಿರುಪಾಕ್ಷಪ್ಪನ ಮಾತು ಒಂದೇ: "ನನಗ ಎಲ್ಲಾ ನೆನಪಿರ್ತೈತಿ."

ಅದಕ್ಕೇ ಸೊಸೆ ದೀಪಾಲಿ ಈ ವರ್ಷ ಊರಿನ ರೈತರಿಗೆ ಸಲಹೆ ಕೊಡುವ ಕೃಷಿ ಸಖಿ ಸುಗಂಧಾಳನ್ನು ಕರೆಸಿದಳು. ಸುಗಂಧಾ ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಹಳೆ ಫೋನಿಗೆ ಒಂದು ಆಪ್ ಹಾಕಿ, ತೋಟದ ಶೆಡ್ಡಿನ ಗೋಡೆಗೆ ತೂಗುಹಾಕಿದಳು.

"ಕಾಕಾರ, ಇವತ್ತಿನ ಕೆಲಸ ಇದರಾಗ ಬರದಿರ್ತೈತ್ರಿ. ಶುರು ಮಾಡುವಾಗ ಒಮ್ಮೆ ಒತ್ರಿ, ಮುಗಿದ ಮ್ಯಾಲ ಒಮ್ಮೆ ಒತ್ರಿ. ಎಷ್ಟೊತ್ತು ಹಿಡೀತು, ಯಾವಾಗ ಮುಗೀತು, ಎಲ್ಲಾ ಉಳೀತೈತಿ."

ವಿರುಪಾಕ್ಷಪ್ಪ ಕೈ ಒದರಿದ. "ಆಪಿನ ಹೆಸರ ತಗೀಬ್ಯಾಡವಾ! ಹಿಂದ ಒಂದು ಹಾಕ್ಕೊಂಡಿದ್ದೆ. ಮರುದಿನದಿಂದ 'ಔಷಧಿ ಬೇಕೇನ್ರಿ' ಅಂತ ದಿನಾ ಹತ್ತು ಫೋನು. ನಮ್ಮ ಬೀಗರಿಗೂ ಹೋದುವು. ನಾವ್ಯಾವಾಗ ದ್ರಾಕ್ಷಿ ಹಚ್ಚೀವ್ರಿ ಅಂತ ಬೀಗತಿ ನನ್ನ ಮ್ಯಾಲ ಹರಿಹಾಯ್ದಳು."

"ಅದು ನಿಮ್ಮ ಫೋನಿನ್ಯಾಗಿನ ನಂಬರ್ ಎಲ್ಲಾ ನೋಡ್ಲೇನು ಅಂತ ಕೇಳಿತ್ತು. ನೀವು ಓದದ 'ಹೂಂ' ಅಂದ್ರಿ," ಎಂದು ಸುಗಂಧಾ ನಕ್ಕಳು. "ಇದು ಹೆಸರು ಕೇಳೂದಿಲ್ಲ, ನಂಬರ್ ಕೇಳೂದಿಲ್ಲ, ಎಲ್ಲಿದ್ದೀರಿ ಅಂತನೂ ಕೇಳೂದಿಲ್ಲ. ಈ ಫೋನಿಗೆ ಸಿಮ್ಮೂ ಇಲ್ಲ, ಈಗ ನೆಟ್ಟೂ ಬೇಕಾಗಿಲ್ಲ. ಬರದದ್ದು ಇದರಾಗ ಉಳೀತೈತ್ರಿ."

"ಉಳೀಲಿ. ನಾ ಒತ್ತಾಂವ ಅಲ್ಲ," ಎಂದು ಎದ್ದು ನಡೆದ. ಭರತ, ದೀಪಾಲಿ ಮಾತ್ರ ಒತ್ತತೊಡಗಿದರು; ಯಾರ ಕೆಲಸವೆಂದು ತಿಳಿಯಲು ತಮ್ಮ ಹೆಸರಿನ ಮೊದಲ ಅಕ್ಷರವನ್ನೂ ಮುಂದೆ ಬರೆಯುತ್ತಿದ್ದರು.

ಗೊನೆ ಅದ್ದುವ ದಿನ ಬಂತು. ಎಂಟು ಮಂದಿ ಹೆಣ್ಣಾಳುಗಳು ಮಗ್ ಹಿಡಿದು ನಿಂತಿದ್ದರು. ವಿರುಪಾಕ್ಷಪ್ಪ ಡ್ರಮ್ಮಿಗೆ ನೀರು ತುಂಬುತ್ತಿದ್ದಾಗ ಫೋನ್ ಬಂತು. ಕಬ್ಬು ಕಡಿಯುವ ಗ್ಯಾಂಗಿನವನದು. ಮಾತಾಡುತ್ತ ಬದುವಿನ ತನಕ ಹೋದ. ತಿರುಗಿ ಬಂದಾಗ ಡ್ರಮ್ಮು ತುಂಬಿತ್ತು. ಔಷಧ ಹಾಕಿದ್ದಾಗಿದೆಯೇ? ಈ ಔಷಧಕ್ಕೆ ಬಣ್ಣವಿಲ್ಲ. ಅಳತೆ ಲೋಟ ಒದ್ದೆಯಾಗಿತ್ತು. ತೊಳೆದಿಟ್ಟದ್ದೋ, ಹಾಕಿಟ್ಟದ್ದೋ ತಿಳಿಯಲಿಲ್ಲ. ಭರತನೂ ಇಲ್ಲ. ಮಗ್ ಕಡಿಮೆ ಬಿದ್ದವೆಂದು ಅಥಣಿಗೆ ಹೋಗಿದ್ದ.

"ಬಕೇಟ ತುಂಬಿ ಕೊಡ್ರಿ ಕಾಕಾರ, ಬಿಸಲ ಏರಾಕತ್ತೈತಿ," ಎಂದು ಹೆಣ್ಣಾಳುಗಳು ಕೂಗಿದರು.

ವಿರುಪಾಕ್ಷಪ್ಪನ ಹಣೆಯಲ್ಲಿ ಬೆವರು. 'ಹಾಕಿರಲಿಕ್ಕಿಲ್ಲ' ಎಂದುಕೊಂಡು ಲೋಟ ತುಂಬಿ ಎತ್ತಿದ.

"ಮಾವಾರ, ನಿಲ್ರಿ! ಹಾಕಬ್ಯಾಡ್ರಿ!"

ದೀಪಾಲಿ ಸಾಲಿನಿಂದ ಓಡಿಬಂದಳು. ಗೋಡೆಯ ಫೋನ್ ತೆಗೆದು ಮುಂದೆ ಹಿಡಿದಳು. "ನೋಡ್ರಿ. 'ಮೊದಲನೇ ಡ್ರಮ್, ಔಷಧ.' ಒಂಬತ್ತು ಇಪ್ಪತ್ತಕ್ಕ ಮುಗಿದೈತಿ. ಮುಂದ 'ಭ' ಅಂತ ಐತಿ. ಇವರು ಹಾಕೇ ಹೋಗ್ಯಾರ್ರಿ."

"ಗ್ವಾಡಿಗೆ ತೂಗಬಿದ್ದ ಡಬ್ಬಿ ಮಾತ ಕೇಳ್ಲೇನು? ಒತ್ತಿ, ಹಾಕೂದ ಮರತಿದ್ರ?"

ದೀಪಾಲಿಗೂ ಅನುಮಾನ ಬಂತು. ಭರತನಿಗೆ ಫೋನ್ ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಬಿಸಿಲು ಬಳ್ಳಿಯ ಮೇಲೆ ಬಂತು. ಮಾವ ಲೋಟ ಕೆಳಗಿಡಲಿಲ್ಲ, ಸೊಸೆ ಅವನ ಕೈ ಬಿಡಲಿಲ್ಲ.

ಕಡೆಗೆ ಬೈಕ್ ಸದ್ದು ಕೇಳಿಸಿತು.

"ಲೇ ಭರತಾ, ಔಷಧಿ ಹಾಕಿಯೇನೋ?"

"ಹಾಕೀನ್ಯಪ್ಪಾ, ಹಾಕಿದ ಮ್ಯಾಲನ ಒತ್ತೀನಿ. ನೀ ಬದುವಿನ ಮ್ಯಾಲ ಫೋನಿನ್ಯಾಗಿದ್ದಿ. ಕೈ ಮಾಡಿ ಹೇಳಿದ್ರ ತಲಿ ಅಲ್ಲಾಡಿಸಿದಿ!"

ತಲೆ ಅಲ್ಲಾಡಿಸಿದ್ದು ಗ್ಯಾಂಗಿನವನ ಮಾತಿಗೆ. ವಿರುಪಾಕ್ಷಪ್ಪ ಲೋಟದ ಔಷಧವನ್ನು ಬಾಟ್ಲಿಗೆ ಮರಳಿ ಸುರಿದ. ಅಲ್ಲೇ ಕೂತ. "ಹೋದ ವರ್ಷ ಅರ್ಧ ಕಳದೆ. ಈ ವರ್ಷ ಪೂರಾ ಕಳೀತಿದ್ದೆ, ಯವ್ವಾ," ಎಂದ. ಸೊಸೆಗೆ ಅಳು ಬಂತು, ನಗುವೂ ಬಂತು. ಹೆಣ್ಣಾಳುಗಳು ಬಕೇಟ್ ತುಂಬಿಕೊಂಡು ಸಾಲಿಗೆ ಹೋದರು.

ಮರುದಿನ ಉಳಿದ ಸಾಲುಗಳಿಗೆ ಔಷಧ ಕಲಸುವಾಗ ವಿರುಪಾಕ್ಷಪ್ಪನ ಅಂಗಿಯ ಕಿಸೆಯಲ್ಲಿ ಫೋನ್ ಸದ್ದು ಮಾಡಿತು. "ತಡಿಯಪಾ, ಕೆಲಸದಾಗದೀನಿ," ಎಂದು ಕಿಸೆಗೇ ಗದರಿದ. ಔಷಧ ಹಾಕಿದ. ಶುರುವಿಗೆ ಒತ್ತಿದಂತೆ ಈಗಲೂ ಗೋಡೆಯ ಫೋನ್ ತಾನೇ ಒತ್ತಿದ.

"ಎಷ್ಟೊತ್ತು ಹಿಡೀತವಾ?" ಎಂದು ಸೊಸೆಯನ್ನು ಕೇಳಿದ.

"ಹನ್ನೆರಡು ಮಿನಿಟ್ರಿ. ನಿನ್ನೆ ಎರಡನೇ ಡ್ರಮ್ಮಿಗೆ ನಲವತ್ತು. ನಡುವ ನಿಮ್ಮ ಎರಡು ಫೋನು!"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೆಲಸ ತೋಟದ್ದಿರಲಿ, ಹೊಲಿಗೆಯದ್ದಿರಲಿ, ಹೈನದ್ದಿರಲಿ, ದಿನದ ಕೆಲಸ ಬೆಳಿಗ್ಗೆಯೇ ಬರೆದಿಡಿ. ಒಂದು ಮುಗಿಯುವ ತನಕ ಇನ್ನೊಂದಕ್ಕೆ ಕೈ ಹಾಕಬೇಡಿ, ಫೋನಿಗಂತೂ ಬೇಡ. ಆಪ್ ಹಾಕಿಕೊಳ್ಳುವಾಗ ಅದು ಏನು ಕೇಳುತ್ತದೆ ಎಂದು ಓದಿ, ಬಾರದಿದ್ದರೆ ಓದಿಸಿ. ಕೆಲಸ ಬರೆದಿಡಲು ನಿಮ್ಮ ಬೀಗರ ನಂಬರ್ ಯಾಕೆ ಬೇಕು? ಬೇಡ ಅನ್ನಿ. ಮುಗಿಯಿತೆಂದು ಒತ್ತುವುದು ಕೆಲಸ ಮುಗಿದ ಮೇಲೆಯೇ ಇರಲಿ, ಮೊದಲೇ ಬೇಡ. ಒತ್ತುವುದನ್ನು ಮರೆಯಲೂ ಬೇಡಿ. ಡ್ರಮ್ಮಿನ ನೀರಿಗೆ ಬಾಯಿಲ್ಲ, ಅದು ನಿಮಗೆ ನೆನಪು ಮಾಡಿಕೊಡುವುದಿಲ್ಲ.