ಅರ್ಧ ಗಂಟೆ ಕತ್ತೆತ್ತಿ ನಿಂತ ವಹೀದಾ

ಮಧ್ಯಾಹ್ನ ಮೂರು ಗಂಟೆಯಾದರೆ ಸಾಕು, ವಹೀದಾಳ ಎಡಗೈ ತಾನಾಗಿಯೇ ಕತ್ತಿನ ಹಿಂಭಾಗಕ್ಕೆ ಹೋಗುತ್ತಿತ್ತು. ದೊಡ್ಡಬಳ್ಳಾಪುರದ ಹೊರಗಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಕಚೇರಿಯಲ್ಲಿ ಅವಳಿಗೆ ಕೆಲಸ. ಯಾವ ಲಾರಿಗೆ ಎಷ್ಟು ಪೆಟ್ಟಿಗೆ ಹತ್ತಿಸಿದರು, ಅದು ಯಾವ ಊರಿಗೆ ಹೋಯಿತು ಎಂದು ಬೆಳಗ್ಗೆಯಿಂದ ಸಂಜೆಯವರೆಗೆ ಕಂಪ್ಯೂಟರಿಗೆ ಹಾಕಬೇಕು. ಒಂಬತ್ತು ವರ್ಷ ಹಾಗೆ ಕೂತು ಕೂತು ಕತ್ತು, ಭುಜ ಎರಡೂ ಮರಗಟ್ಟಿದ್ದವು. ಮುಲಾಮು ಹಚ್ಚಿದಳು, ಬಿಸಿನೀರಿನ ಶಾಖ ಕೊಟ್ಟಳು, ಮೆಡಿಕಲ್ ಸ್ಟೋರಿನಿಂದ ಕತ್ತಿನ ಪಟ್ಟಿಯನ್ನೂ ತಂದು ಕಟ್ಟಿಕೊಂಡಳು. ಮಲಗಿದಾಗ ಕಡಿಮೆಯಾದ ನೋವು ಮರುದಿನ ಮೂರು ಗಂಟೆಗೆ ಮತ್ತೆ ಹಾಜರಾಗುತ್ತಿತ್ತು.

ನೋವಿಗಿಂತ ಅವಳನ್ನು ಹೆಚ್ಚು ಕಾಡಿದ್ದು ಗಾಳಿಪಟ. ನೇಕಾರರಾಗಿದ್ದ ಅವಳ ತಂದೆ ಮಗಳಿಗೆ ಆರನೇ ವಯಸ್ಸಿನಲ್ಲೇ ಪಟಕ್ಕೆ ಸೂತ್ರ ಕಟ್ಟುವುದನ್ನು ಕಲಿಸಿದ್ದರು. ಆಷಾಢದ ಗಾಳಿ ಎದ್ದರೆ ಊರಾಚೆಯ ಬಯಲಲ್ಲಿ ಸ್ಪರ್ಧೆ ನಡೆಯುತ್ತದೆ. ಹೆಂಗಸರ ಪಾಲಿಗೆ ಒಂದೇ ನಿಯಮ, ಅರ್ಧ ಗಂಟೆ ಪಟ ನೆಲ ಮುಟ್ಟಬಾರದು. ಹೋದ ವರ್ಷ ಎಂಟನೇ ನಿಮಿಷಕ್ಕೇ ವಹೀದಾಳ ಕತ್ತು ಹಿಡಿದುಕೊಂಡಿತು. ಮೇಲೆ ನೋಡಲಾಗದೆ ದಾರ ಸಡಿಲ ಬಿಟ್ಟಳು. ಪಟ ತಂತಿಬೇಲಿಗೆ ಬಿದ್ದು ಹರಿಯಿತು. ಮೂವತ್ತಾರನೇ ವಯಸ್ಸಿಗೆ ಆಕಾಶ ನೋಡಲೂ ಆಗದಂತಾಯಿತಲ್ಲ ಎಂದು ಅವಳು ಮನೆಗೆ ಬಂದು ಅತ್ತಿದ್ದಳು.

ಈ ವರ್ಷ ಏಪ್ರಿಲ್‌ನಲ್ಲಿ ಕಾರ್ಖಾನೆಯಲ್ಲಿ ಆರೋಗ್ಯ ತಪಾಸಣೆ ಏರ್ಪಾಡಾಯಿತು. ಫಿಸಿಯೋಥೆರಪಿ ಮಾಡುವ ಜ್ಯೋತಿಲಕ್ಷ್ಮಿಯವರೂ ಬಂದಿದ್ದರು. ಅವರು ವಹೀದಾಳ ಕತ್ತನ್ನು ಎಲ್ಲ ಕಡೆಗೂ ತಿರುಗಿಸಿ ನೋಡಿದರು. ಕೈ ಜೋಮು ಹಿಡಿಯುತ್ತದೆಯೇ, ಲೋಟ ಹಿಡಿದರೆ ಜಾರುತ್ತದೆಯೇ, ಎಲ್ಲಾದರೂ ಬಿದ್ದು ಪೆಟ್ಟಾಗಿತ್ತೇ ಎಂದು ವಿಚಾರಿಸಿದರು. ಯಾವುದೂ ಇಲ್ಲವೆಂದು ಖಾತ್ರಿಯಾದ ಮೇಲೆ ಅರ್ಧ ಲೀಟರಿನ ಎರಡು ನೀರಿನ ಬಾಟಲಿಗಳನ್ನು ಅವಳ ಕೈಗಿಟ್ಟರು.

ವಹೀದಾ ಗಾಬರಿಯಾದಳು. "ನಮ್ಮನೆಯವ್ರು ಒಂದ್ ಚೀಲಾನೂ ಎತ್ತಬೇಡ, ರೆಸ್ಟ್ ತಗೋ ಅಂತಾರೆ ಮೇಡಂ. ನೋಯೋ ಭುಜಕ್ಕೆ ತೂಕ ಕೊಟ್ರೆ ಜಾಸ್ತಿ ಆಗಲ್ವಾ?"

"ದಿನಕ್ಕೆ ಎಂಟು ಗಂಟೆ ನಿಮ್ಮ ಕತ್ತು ಅಲ್ಲಾಡದೆ ತಲೆ ಹೊತ್ಕೊಂಡಿರುತ್ತೆ ಕಣಮ್ಮ. ಅಲ್ಲಿನ ಮಾಂಸಖಂಡಕ್ಕೆ ಶಕ್ತಿ ಸಾಲ್ತಿಲ್ಲ. ಬರೀ ರೆಸ್ಟ್ ಕೊಟ್ರೆ ಇನ್ನೂ ಸೋಲುತ್ತೆ. ಸ್ವಲ್ಪ ಸ್ವಲ್ಪವಾಗಿ ಕೆಲಸ ಕೊಟ್ಟು ಗಟ್ಟಿ ಮಾಡ್ಬೇಕು. ವಾರಕ್ಕೆ ಮೂರು ದಿನ, ಇಪ್ಪತ್ತು ನಿಮಿಷ. ಹತ್ತು ವಾರ ಬಿಡದೆ ಮಾಡಿ ನೋಡಿ."

ವಹೀದಾ ಬೆರಳು ಮಡಚಿ ಎಣಿಸಿದಳು. ಸ್ಪರ್ಧೆಗೆ ಹನ್ನೊಂದು ವಾರವಿತ್ತು.

ಜ್ಯೋತಿಲಕ್ಷ್ಮಿ ಅಲ್ಲೇ ನಿಂತು ಮೂರು ಬಗೆಯ ವ್ಯಾಯಾಮ ಮಾಡಿ ತೋರಿಸಿದರು. ಬಾಟಲಿ ಹಿಡಿದ ಕೈಗಳನ್ನು ಇಳಿಬಿಟ್ಟು ಎರಡೂ ಭುಜಗಳನ್ನು ಕಿವಿಯ ಕಡೆಗೆ ಎತ್ತಿ ಇಳಿಸುವುದು ಮೊದಲನೆಯದು. ಆಮೇಲೆ ಕೈಗಳನ್ನು ರೆಕ್ಕೆಯ ಹಾಗೆ ಪಕ್ಕಕ್ಕೆ ಭುಜದ ಮಟ್ಟಕ್ಕೆ ಎತ್ತಬೇಕು. ಕೊನೆಗೆ, ಒಂದು ಕೈ ಮೇಜಿಗೆ ಊರಿ ಮುಂದಕ್ಕೆ ಬಾಗಿ, ಇನ್ನೊಂದು ಕೈಯ ಬಾಟಲಿಯನ್ನು ಸೊಂಟದ ಕಡೆಗೆ ಎಳೆಯಬೇಕು. ಒಂದೊಂದನ್ನೂ ನಿಧಾನವಾಗಿ ಹತ್ತು ಹನ್ನೆರಡು ಸಲ ಮಾಡಿ, ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಮಾಡಬೇಕು. ಬಾಟಲಿ ಹಗುರ ಅನ್ನಿಸಿದಾಗ ಮಾತ್ರ ತೂಕ ಹೆಚ್ಚಿಸಬೇಕು.

ಕಚೇರಿಯ ಮ್ಯಾನೇಜರ್ ಬೈರೇಶ್ ಮೊದಲು ಒಪ್ಪಲಿಲ್ಲ. ಕೆಲಸದ ಹೊತ್ತಿನಲ್ಲಿ ಇದೆಲ್ಲ ಯಾಕೆ, ಇದೇನು ಜಿಮ್ಮೇ ಎಂದರು. ಕತ್ತು ನೋವೆಂದು ಕಚೇರಿಯವರು ಹೋದ ತಿಂಗಳೊಂದರಲ್ಲೇ ಏಳು ದಿನ ರಜೆ ಹಾಕಿದ್ದನ್ನು ಜ್ಯೋತಿಲಕ್ಷ್ಮಿ ಹಾಜರಿ ಪುಸ್ತಕದಲ್ಲೇ ತೋರಿಸಿದರು. ಬೈರೇಶ್ ಊಟಕ್ಕೆ ಮುಂಚಿನ ಇಪ್ಪತ್ತು ನಿಮಿಷ ಬಿಟ್ಟುಕೊಟ್ಟರು.

ಮೊದಲ ವಾರ ಭುಜ ಸ್ವಲ್ಪ ನೊಂದರೂ ಎರಡು ದಿನಕ್ಕೆ ಸರಿಹೋಯಿತು. ವಹೀದಾಳಿಗೆ ಹುರುಪು ಹೆಚ್ಚಾಯಿತು. ಎರಡನೇ ವಾರವೇ ಯಾರನ್ನೂ ಕೇಳದೆ ಎರಡು ಲೀಟರಿನ ಬಾಟಲಿ ಎತ್ತಿಬಿಟ್ಟಳು. ಮರುದಿನ ತಲೆ ಬಾಚಿಕೊಳ್ಳಲು ಕೈ ಮೇಲೇಳಲಿಲ್ಲ. ಮಗ್ಗದ ಕೆಲಸ ಮಾಡುವ ಗಂಡ ಮಸ್ತಾನ್‌ಗೆ ಸಿಟ್ಟು ಬಂತು. ಬಾಟಲಿಗಳನ್ನು ಅಟ್ಟಕ್ಕೆ ಹಾಕಿ, ಫೋನ್ ತೆಗೆದುಕೊಂಡು ನೇರ ಜ್ಯೋತಿಲಕ್ಷ್ಮಿಯವರಿಗೇ ಕರೆ ಮಾಡಿದ.

"ಇದ್ದ ನೋವು ಹಂಗೇ ಇತ್ತು, ನೀವು ಇನ್ನೊಂದು ತಂದಿಟ್ರಿ ಮೇಡಂ. ನಾಳೆಯಿಂದ ಅವಳು ಮಾಡಲ್ಲ."

ಅವರು ಬೇಸರಪಡಲಿಲ್ಲ. "ತಪ್ಪು ವ್ಯಾಯಾಮದ್ದಲ್ಲ ಮಸ್ತಾನ್ ಅವ್ರೆ, ಅವಸರದ್ದು. ಎರಡು ಮೂರು ದಿನ ಬಿಟ್ಟು, ಮತ್ತೆ ಅರ್ಧ ಲೀಟರಿಂದ ಶುರು ಮಾಡಿಸಿ. ನೀವೇ ಪಕ್ಕದಲ್ಲಿ ನಿಂತು ಎಣಿಸಿ. ನೋವು ಕಮ್ಮಿ ಆಗದಿದ್ರೆ ನನ್ನ ಹತ್ರ ಕರ್ಕೊಂಡು ಬನ್ನಿ."

ಮಸ್ತಾನ್ ಅರೆಮನಸ್ಸಿನಿಂದಲೇ ಬಾಟಲಿ ಕೆಳಗಿಳಿಸಿದ. ಆ ಭಾನುವಾರ ಅಂಗಳದಲ್ಲಿ ಪಕ್ಕಕ್ಕೆ ನಿಂತು ಎಣಿಸಿದ. ಹನ್ನೆರಡಕ್ಕಿಂತ ಒಂದು ಹೆಚ್ಚಾಗಲೂ ಬಿಡಲಿಲ್ಲ.

ಆರನೇ ವಾರದ ಒಂದು ಸಂಜೆ. ವಹೀದಾ ಸ್ಕೂಟರಿನಲ್ಲಿ ಮನೆಗೆ ಬರುತ್ತಿದ್ದಳು. ಹಿಂದೆ ಲಾರಿಯ ಹಾರನ್ ಕೇಳಿ ಕತ್ತು ತಿರುಗಿಸಿ ನೋಡಿದಳು. ನೋಡಿದ ಮೇಲೆ ಹೊಳೆಯಿತು, ನೋವಾಗಲಿಲ್ಲ. ಗಾಡಿಯನ್ನು ಪಕ್ಕಕ್ಕೆ ಹಾಕಿ ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ತಿರುಗಿಸಿ ನೋಡಿದಳು. ದಾರಿಯಲ್ಲಿ ಹೋಗುವವರು ಏನೋ ಕಳೆದುಕೊಂಡಿದ್ದಾಳೆ ಎಂದುಕೊಂಡಿರಬೇಕು. ಅವಳು ಮಾತ್ರ ಒಬ್ಬಳೇ ನಗುತ್ತಿದ್ದಳು. ಮರುದಿನ ಕಚೇರಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿದಳು. ಹತ್ತನೇ ವಾರಕ್ಕೆ ಬೈರೇಶ್ ಸೇರಿ ಒಂಬತ್ತು ಮಂದಿ ಬಾಟಲಿ ಹಿಡಿದು ನಿಂತಿದ್ದರು.

ಸ್ಪರ್ಧೆಯ ದಿನ ಗಾಳಿ ಜೋರಾಗಿತ್ತು. ಇಪ್ಪತ್ತೊಂದು ಪಟಗಳು ಒಟ್ಟಿಗೆ ಮೇಲೆದ್ದವು. ಐದು ನಿಮಿಷ, ಎಂಟು ನಿಮಿಷ, ಹತ್ತು ನಿಮಿಷ. ಮಸ್ತಾನ್ ಪಟ ನೋಡಲೇ ಇಲ್ಲ, ಹೆಂಡತಿಯ ಕತ್ತನ್ನೇ ನೋಡುತ್ತಿದ್ದ. ಇಪ್ಪತ್ತನೇ ನಿಮಿಷಕ್ಕೆ ಗಾಳಿ ಸುತ್ತಿ ಬಂದು ಅವಳ ಪಟ ತಲೆ ಕೆಳಗಾಗಿ ಧುಮುಕಿತು. ಜನ ಹೋಯಿತು ಹೋಯಿತು ಎಂದರು. ವಹೀದಾ ಎರಡು ಹೆಜ್ಜೆ ಹಿಂದೆ ಸರಿದು, ಭುಜದಿಂದಲೇ ದಾರ ಸೆಳೆದಳು. ಪಟ ಆಳೆತ್ತರದವರೆಗೆ ಇಳಿದು, ಅಲ್ಲಿಂದ ಸರ್ರನೆ ಮೇಲೇರಿತು. ಅರ್ಧ ಗಂಟೆಯ ಸೀಟಿ ಊದಿದಾಗ ಆಕಾಶದಲ್ಲಿ ನಾಲ್ಕೇ ಪಟಗಳಿದ್ದವು, ಅದರಲ್ಲಿ ಅವಳದೂ ಒಂದು. ಉಳಿದ ನಾಲ್ಕರಲ್ಲಿ ಹಾರಿದ ಎತ್ತರ ನೋಡಿ ಬಹುಮಾನ ಕೊಟ್ಟರು, ಅವಳಿಗೆ ಎರಡನೆಯದು. ಅವಳು ಮೊದಲನೆಯದೇ ಬಂದವಳ ಹಾಗೆ ಕುಣಿದಳು.

ಮನೆಗೆ ಹೊರಡುವಾಗ ಮಸ್ತಾನ್ ತನ್ನ ಭುಜ ಒತ್ತಿಕೊಳ್ಳುತ್ತಾ ಮೆಲ್ಲಗೆ ಕೇಳಿದ. "ಮಗ್ಗದ ಮುಂದೆ ನಿಂತು ನಂಗೂ ಇಲ್ಲಿ ಹಿಡ್ಕೊಂಡಿರುತ್ತೆ. ನಾಳೆ ನಂಗೂ ಎರಡು ಬಾಟ್ಲಿ ತುಂಬಿಸಿ ಕೊಡ್ತೀಯಾ?"

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇದನ್ನು ಓದುತ್ತಾ ನಿಮ್ಮ ಕೈಯೂ ಕತ್ತಿಗೆ ಹೋಯಿತೇ? ಹಾಗಿದ್ದರೆ ನಾಳೆಯೇ ಕಚೇರಿಯಲ್ಲಿ ಜೊತೆಯವರನ್ನು ಮಾತಾಡಿಸಿ, ಇಪ್ಪತ್ತು ನಿಮಿಷ ಕೇಳಿ ಪಡೆಯಿರಿ. ಹಗುರದಿಂದ ಶುರು ಮಾಡಿ, ಅವಸರ ಬೇಡ, ನಡುವೆ ಬಿಡಲೂಬೇಡಿ. ಕೈ ಜೋಮು ಹಿಡಿದರೆ, ಹಿಡಿತ ಸಡಿಲವಾದರೆ, ನೋವಿನ ಜೊತೆ ಜ್ವರವಿದ್ದರೆ ಅಥವಾ ಬಿದ್ದು ಪೆಟ್ಟಾಗಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಉಳಿದವರು ಕಾಯುವುದು ಯಾಕೆ? ಮೇಜಿನ ಮೇಲಿನ ಆ ನೀರಿನ ಬಾಟಲಿಯನ್ನು ಈಗಲೇ ಕೈಗೆತ್ತಿಕೊಳ್ಳಿ.