ಆನ್ಯಾಂಗ್‌ಗೆ ಎಂಟು ಹನ್ನೆರಡರ ಗಾಡಿ

ಝೆಂಗ್‌ಝೌ ಊರು ಪಡಸಾಲೆ ಇದ್ದ ಹಾಗೆ. ಎಲ್ಲರೂ ಅದನ್ನು ಹಾದೇ ಹೋಗುತ್ತಾರೆ, ಯಾರೂ ಅಲ್ಲಿ ನಿಂತು ಗೋಡೆ ನೋಡುವುದಿಲ್ಲ. ಗೆಂಗ್ ಬಾವ್‌ತಾಂಗ್ ಆ ಪಡಸಾಲೆಯ ಬಾಗಿಲಲ್ಲೇ ಮೂವತ್ತಾರು ವರ್ಷ ನಿಂತವನು. ರೈಲು ನಿಲ್ದಾಣದ ಪ್ಲಾಟ್‌ಫಾರಂ ಮೇಲೆ ಸೀಟಿ ಊದಿ, ಬಾವುಟ ಬೀಸಿ, ಬಂದವರನ್ನೆಲ್ಲ ಮುಂದಕ್ಕೆ ಸಾಗಹಾಕುವುದೇ ಅವನ ಕೆಲಸವಾಗಿತ್ತು. ನಿವೃತ್ತನಾಗಿ ಆರು ವರ್ಷವಾದರೂ ವೇಳಾಪಟ್ಟಿ ತಲೆಯಿಂದ ಇಳಿದಿರಲಿಲ್ಲ.

ಅಂಥವನ ಮನೆಗೆ ಅಕ್ಕ ಯೂಫೆನ್ ಬಂದಳು, ಇಪ್ಪತ್ತೆರಡು ವರ್ಷಗಳ ಮೇಲೆ, ಬಡಗಣ ಮೂಲೆಯ ಚೀಚೀಹಾರ್‌ನಿಂದ. ತಾಯಿ ಸತ್ತಾಗ ಅವನಿಗೆ ಐದು ವರ್ಷ, ಅವಳಿಗೆ ಹನ್ನೆರಡು. ಉಣ್ಣಿಸಿ, ಮೀಯಿಸಿ, ಎಲ್ಲಕ್ಕಿಂತ ಹೆಚ್ಚಾಗಿ ಬೈದು ಬೈದು ಅವನನ್ನು ಬೆಳೆಸಿದ್ದು ಅವಳೇ. ಈಗ ಐದು ದಿನ ಇರಲು ಬಂದಿದ್ದಳು. ಗೆಂಗ್‌ಗೆ ಇದ್ದದ್ದು ಒಂದೇ ಆಸೆ: ಅಕ್ಕನ ಹತ್ತಿರ ಕೂತು, ಅವಳ ಬಾಯಲ್ಲಿ ಹಿಂದಿನ ಹಾಗೆ ಒಮ್ಮೆ ಬೈಸಿಕೊಳ್ಳಬೇಕು. ಆದರೆ ಬಂದ ನೆಂಟರನ್ನು ನಾಲ್ಕು ಗೋಡೆಯ ಮಧ್ಯೆ ಕೂರಿಸಿ ಕಳಿಸಿದರೆ ಮರ್ಯಾದೆ ಉಳಿಯುತ್ತದೆಯೇ? ತೋರಿಸೋಣವೆಂದರೆ ಸ್ವಂತ ಊರಿನಲ್ಲಿ ಏನೂ ಇಲ್ಲವೆಂದು ಅವನಿಗೆ ಗಟ್ಟಿ ನಂಬಿಕೆ. ಹಾಗಾಗಿ ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಬರೆದಿಟ್ಟ: ಮೊದಲ ದಿನ ಕಲ್ಲಿನ ಬುದ್ಧರ ಲುವೋಯಾಂಗ್, ಎರಡನೇ ದಿನ ಹಳೆ ರಾಜಧಾನಿ ಕೈಫೆಂಗ್, ಮೂರನೇ ದಿನ ಶಾವೋಲಿನ್ ಮಠ. ಬೆಳಗ್ಗೆ ಹೋಗಿ ಸಂಜೆ ವಾಪಸ್.

"ರೀ, ಅಕ್ಕ ಬಂದಿರೋದು ನಿಮ್ಮನ್ನ ನೋಡೋಕೋ, ಕಲ್ಲಿನ ಬುದ್ಧನ್ನ ನೋಡೋಕೋ?" ಎಂದು ಕೇಳಿದಳು ಹೆಂಡತಿ ಸೂಚಿನ್.

"ನನ್ನಲ್ಲೇನಿದೆ ನೋಡೋಕೆ?"

"ಅದೂ ನಿಜಾನೇ," ಎಂದು ಅವಳು ಹಿಟ್ಟು ನಾದಲು ಹೋದಳು.

ಮೂರು ದಿನ ಗೆಂಗ್ ಕೈಗಡಿಯಾರ ನೋಡುತ್ತಾ ಮುಂದೆ, ಅಕ್ಕ ಕೈಚೀಲ ಹಿಡಿದು ಹಿಂದೆ. ಗಾಡಿಯಲ್ಲಿ ಕೂತಾಗ ಮಾತಾಡೋಣವೆಂದರೆ ಅವನು ಮುಂದಿನ ಬಸ್ಸಿನ ಚಿಂತೆಯಲ್ಲಿರುತ್ತಿದ್ದ. ಇಳಿದ ಮೇಲೆ ಕ್ಯೂ, ಕ್ಯೂ ಮುಗಿದರೆ ಮೆಟ್ಟಿಲು. ಮೆಟ್ಟಿಲ ಮಧ್ಯೆ ಅಕ್ಕ ಕಂಬಿ ಹಿಡಿದು ನಿಂತಾಗಲೆಲ್ಲ, ಫೋಟೊಗೆ ನಿಂತಳೆಂದು ತಿಳಿದು ಅವನು ಫೋಟೊ ಹೊಡೆದ. ಹದಿನಾಲ್ಕು ಫೋಟೊಗಳಾದವು. ಹದಿನಾಲ್ಕರಲ್ಲೂ ಅವಳ ಮುಖ ಹಲ್ಲುನೋವಿನವಳಂತಿತ್ತು.

"ಬುದ್ಧ ಎಷ್ಟು ದೊಡ್ಡದು ಅಲ್ವಾ ಅಕ್ಕ?"

"ದೊಡ್ಡದು, ದೊಡ್ಡದು. ಚೆನ್ನಾಗಿದೆ."

ಕೈಫೆಂಗ್ ಚೆನ್ನಾಗಿತ್ತು, ಅಲ್ಲಿನ ಊಟವೂ ಚೆನ್ನಾಗಿತ್ತು, ಶಾವೋಲಿನ್ ಬಸ್ಸಿನಲ್ಲಿ ಎರಡು ಸಲ ತಲೆ ಕಿಟಕಿಗೆ ಬಡಿದದ್ದೂ ಚೆನ್ನಾಗಿತ್ತು. ಅಕ್ಕನ ಬಾಯಲ್ಲಿ ಒಂದೇ ಒಂದು ಬೈಗುಳ ಬರಲಿಲ್ಲ. ಮನೆ ಯಜಮಾನ ಏರ್ಪಾಡು ಮಾಡಿದ್ದನ್ನು ನೆಂಟರು ಬೇಡವೆನ್ನಬಾರದು ಎಂಬ ರಿವಾಜು ಅವಳದು. ನೆಂಟರು ಬೇಡವೆನ್ನುವವರೆಗೆ ಯಜಮಾನ ನಿಲ್ಲಿಸಬಾರದು ಎಂಬ ರಿವಾಜು ಅವನದು. ಎಪ್ಪತ್ತು ದಾಟಿದ ಮಂಡಿಗಳು ಈ ಎರಡರ ಮಧ್ಯೆ ಸಿಕ್ಕಿಕೊಂಡಿದ್ದವು.

ಮೂರನೇ ಸಂಜೆ ಅಕ್ಕ ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟು ಕೂತಿದ್ದಳು. ನಾಳೆ ಮನೆಯಲ್ಲೇ ಇರೋಣ ಅಕ್ಕ ಎಂದು ಹೇಳಲು ಗೆಂಗ್ ಮಧ್ಯಾಹ್ನದಿಂದ ಮಾತು ಕೂಡಿಸಿಕೊಂಡಿದ್ದ.

"ನಾಳೆ ಎಲ್ಲಿಗೋ ಮೊಟ್ಟೆ?" ಎಂದು ಕೇಳಿದಳು ಅವಳು. ಮಗು ಗಟ್ಟಿಯಾಗಿ ಉಳಿಯಲೆಂದು ತಾಯಿ ಅವನಿಗಿಟ್ಟ ಹೆಸರು ಕಬ್ಬಿಣದ ಮೊಟ್ಟೆ. ಕಬ್ಬಿಣ ಯಾವಾಗಲೋ ಉದುರಿ, ಅಕ್ಕನಿಗೆ ಮೊಟ್ಟೆಯೊಂದೇ ಉಳಿದಿತ್ತು.

ಎಲ್ಲಿಗೆ ಎಂಬ ಪದ ಕಿವಿಗೆ ಬಿದ್ದದ್ದೇ ತಡ, ಮೂವತ್ತಾರು ವರ್ಷದ ಬಾಯಿ ತಾನಾಗಿ ತೆರೆದುಕೊಂಡಿತು. "ಆನ್ಯಾಂಗ್. ಎಂಟು ಹನ್ನೆರಡು. ಹದಿನಾರನೇ ಗೇಟು."

ಬೋಗುಣಿಯ ನೀರು ಅಲುಗಾಡಿತು. "ಓ. ಚೆನ್ನಾಗಿದೆ. ಅಲ್ಲೇನಿದೆ?"

"ಮೂಳೆ."

"ಯಾರದು?"

"ಎತ್ತಿನ ಮೂಳೆ, ಆಮೆ ಚಿಪ್ಪು. ಮೂರು ಸಾವಿರ ವರ್ಷದ್ದು. ಅದರ ಮೇಲೆ ಅಕ್ಷರ ಕೆತ್ತಿದಾರೆ."

"ಮೂಳೆ ನೋಡೋಕೆ ಅಷ್ಟು ದೂರ ಬೇರೆ ಹೋಗ್ಬೇಕಾ," ಎಂದು ಅಕ್ಕ ತನ್ನ ಮಂಡಿ ಒತ್ತಿಕೊಳ್ಳುತ್ತಾ ಗೊಣಗಿದಂತಾಯಿತು. ಗೆಂಗ್ ಆಗಲೇ ಫೋನಿನಲ್ಲಿ ಟಿಕೆಟು ತೆಗೆಸುತ್ತಿದ್ದ. ತೆಗೆಸುತ್ತಾ ತನ್ನ ಮೇಲೆ ತಾನೇ ಸಿಡುಕಿಕೊಂಡ. ಇನ್ನು ಬೇಡವೆಂದರೆ, ತಮ್ಮನಿಗೆ ಬೇಸರ ಬಂತೇನೋ ಎಂದು ಅಕ್ಕ ತಿಳಿದಾಳು.

ಮರುದಿನ ಬೆಳಗ್ಗೆ ನಿಲ್ದಾಣದ ಬಾಗಿಲಲ್ಲಿ ಗುರುತಿನ ಚೀಟಿ ತೋರಿಸುವ ಹೊತ್ತಿಗೆ ಅಕ್ಕ ಕೈಚೀಲ ತಡಕಿದಳು, ಒಳಜೇಬು ತಡಕಿದಳು, ಕೊನೆಗೆ ಕಾಲುಚೀಲದೊಳಗೂ ಬೆರಳಿಟ್ಟು ನೋಡಿದಳು.

"ಅಯ್ಯೋ, ಮರೆತೇ ಬಂದೆ ಕಣೋ! ಚೀಟಿ ಇಲ್ದೆ ಒಳಗೆ ಬಿಡಲ್ಲ ಅಲ್ವಾ? ಛೆ ಛೆ. ಏನ್ಮಾಡೋಕಾಗುತ್ತೆ, ಮನೆಗೆ ಹೋಗೋಣ ನಡಿ."

ಧ್ವನಿ ಅಷ್ಟೊಂದು ಲವಲವಿಕೆಯಿಂದ ಇದ್ದದ್ದು ಗೆಂಗ್‌ಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ತಾನು ದುಡಿದ ನಿಲ್ದಾಣದಲ್ಲಿ ತನ್ನ ಅಕ್ಕನಿಗೆ ಗಾಡಿ ತಪ್ಪುವುದೇ! ಅವಳ ತೋಳು ಹಿಡಿದು ಪಕ್ಕದ ಕಿಟಕಿಗೆ ಓಡಿಸಿದ. ಚೀಟಿ ಮರೆತವರಿಗೆ ತಾತ್ಕಾಲಿಕ ಕಾಗದ ಮಾಡಿಕೊಡುವ ಕಿಟಕಿ ಅದು. "ನಾಲ್ಕೇ ನಿಮಿಷ ಅಕ್ಕ, ಗಾಬರಿಯಾಗ್ಬೇಡ!"

"ನಾಲ್ಕೇ ನಿಮಿಷಾನಾ?" ಎಂದಳು ಅಕ್ಕ. ಮೂರೇ ನಿಮಿಷವಾಯಿತು. ಕಾಗದದ ಮೇಲಿನ ಫೋಟೊದಲ್ಲಿ ಅವಳು ಕಳ್ಳಮಾಲಿನ ಸಮೇತ ಸಿಕ್ಕಿಬಿದ್ದವಳಂತೆ ಕಂಡಳು.

ಹದಿನಾರನೇ ಗೇಟಿನ ಕ್ಯೂ ಕರಗುತ್ತಾ ಬಂದಿತ್ತು. ಗೆಂಗ್‌ನ ಫೋನು ಬಡಿದುಕೊಂಡಿತು. ಸೂಚಿನ್.

"ಅಕ್ಕನ ಚೀಟಿ ಸಿಕ್ತು ಕಣ್ರೀ."

"ಪರವಾಗಿಲ್ಲ ಬಿಡೇ, ಇಲ್ಲಿ ಕಾಗದ ಮಾಡಿಸ್ದೆ! ಇನ್ನೂ ಆರು ನಿಮಿಷ ಇದೆ!"

"ಎಲ್ಲಿ ಸಿಕ್ತು ಅಂತ ಕೇಳಿ."

"ಎಲ್ಲಿ?"

"ಹಿಟ್ಟಿನ ಡಬ್ಬದೊಳಗೆ. ಕರವಸ್ತ್ರದಲ್ಲಿ ಸುತ್ತಿ, ಎರಡು ಗಂಟು ಹಾಕಿ, ತಳದಲ್ಲಿ ಹೂತಿಟ್ಟಿತ್ತು. ಮರೆತವರು ಗಂಟು ಹಾಕ್ತಾರೇನ್ರೀ?"

ಗೆಂಗ್ ಫೋನು ಇಳಿಸಿದ. ಅಕ್ಕ ಮೇಲಿನ ಫಲಕವನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದಳು.

"ಅಕ್ಕ, ನಿನ್ನ ಚೀಟಿ ಹಿಟ್ಟಿನ ಡಬ್ಬಕ್ಕೆ ಹೇಗೆ ಹೋಯ್ತು?"

"ನಡ್ಕೊಂಡು ಹೋಯ್ತು!" ಎಂದಳು ಯೂಫೆನ್. ಕಟ್ಟೆ ಒಡೆಯಿತು. "ನನ್ನ ಮಂಡಿಗಿಂತ ಅದರ ಕಾಲೇ ಗಟ್ಟಿ! ಲೋ ಮೊಟ್ಟೆ, ನಿನಗೆ ತಲೆಯೊಳಗೆ ಮೆದುಳಿದೆಯೋ ಬರೀ ಹಳಿ ಇದೆಯೋ? ಮೆಟ್ಟಿಲು ಹತ್ತಿಸ್ತೀಯ, ಇಳಿಸ್ತೀಯ, ಉಸಿರು ಕಟ್ಟಿ ನಿಂತ್ರೆ ಫೋಟೊ ಹೊಡೀತೀಯ! ಬುದ್ಧನೇ ಎದ್ದು ಜಾಗ ಬಿಟ್ಟಿದ್ರೆ ಅಲ್ಲೇ ಮಲಗಿಬಿಡ್ತಿದ್ದೆ ನಾನು!"

"ಮತ್ತೆ ಮೊದಲೇ ಹೇಳ್ಬಾರ್ದಾ ಅಕ್ಕ?"

"ಹೇಗೋ ಹೇಳ್ಲಿ? ಅಷ್ಟು ಆಸೆಯಿಂದ ಟಿಕೆಟ್ ತೆಗೆಸ್ತೀಯ. ಆಮೇಲೆ ಇವನಿಗೆ ನನ್ನ ಜೊತೆ ಕೂರೋಕೆ ಬೇಜಾರೇನೋ ಅನ್ನಿಸ್ತು. ದಿನಾ ಬೆಳಗಾದ್ರೆ ಎಬ್ಬಿಸಿ ಗಾಡಿ ಹತ್ತಿಸ್ತೀಯಲ್ಲೋ. ಎರಡು ಸಾವಿರ ಕಿಲೋಮೀಟರು ಬಂದಿರೋದು ಮೂಳೆ ನೋಡೋಕಾ?"

ಇಡೀ ಕ್ಯೂ ತಿರುಗಿ ನೋಡುತ್ತಿತ್ತು. ಗೆಂಗ್‌ಗೆ ನಾಚಿಕೆಯಾಗಬೇಕಿತ್ತು. ಬದಲಿಗೆ ಏಳು ವರ್ಷದ ಹುಡುಗನಂತೆ ಕೈ ಕೆಳಗೆ ಬಿಟ್ಟು, ಬೆನ್ನು ನೆಟ್ಟಗೆ ಮಾಡಿ, ಇನ್ನೂ ಬರಲಿ ಎನ್ನುವವನಂತೆ ನಿಂತುಬಿಟ್ಟ.

"ನಗ್ತೀಯಾ? ಬೈತಿದ್ರೆ ನಗ್ತೀಯಾ?"

"ಇಲ್ಲ ಅಕ್ಕ."

"ಹಲ್ಲು ಕಾಣಿಸ್ತಿದೆ!"

ಗೇಟಿನಲ್ಲಿದ್ದ ಹೆಂಗಸು ಅವನ ಕೈಕೆಳಗೆ ಕೆಲಸ ಕಲಿತವಳು. ಕತ್ತು ಚಾಚಿ ಕೂಗಿದಳು: "ಗೆಂಗ್ ಗುರುಗಳೇ, ಮುಚ್ಚೋ ಹೊತ್ತಾಯ್ತು! ಒಳಗೆ ಬರ್ತೀರೋ, ಹೊರಗೇ ಇರ್ತೀರೋ?"

"ಮುಚ್ಚಮ್ಮ," ಎಂದ ಗೆಂಗ್.

"ನಿಮ್ಮ ಗಾಡಿ ಹೋಗುತ್ತೆ!"

"ಹೋಗ್ಲಿ. ಅದರ ಕೆಲಸವೇ ಅದು."

ಅವಳು ಮುಚ್ಚಿದಳು. ಕೆಳಗೆ ಎಂಟು ಹನ್ನೆರಡರ ಗಾಡಿ ಸದ್ದಿಲ್ಲದೆ ಜಾರಿಕೊಂಡಿತು. ಗೆಂಗ್‌ನ ಬಲಗೈ ಬಾವುಟ ಹಿಡಿದಂತೆ ಅರ್ಧ ಮೇಲೆದ್ದಿತ್ತು. ಅಕ್ಕ ಅದನ್ನು ಹಿಡಿದು ಕೆಳಗಿಳಿಸಿದಳು. "ಸಾಕು ಬಾ," ಎಂದಳು.

ಇಬ್ಬರೂ ನಿಧಾನವಾಗಿ ನಡೆದು, ದಾರಿಯಲ್ಲಿ ಮೆಣಸಿನ ಖಾರದ ಹುಲಾತಾಂಗ್ ಸಾರು ಕುಡಿದು, ಬೆವರು ಒರೆಸಿಕೊಂಡು ಹತ್ತಿರದ ಪಾರ್ಕಿಗೆ ಹೋದರು. ಮರದ ಕೆಳಗೆ ನಿವೃತ್ತರ ಗುಂಪೊಂದು ಪಿಟೀಲು ಕುಯ್ಯುತ್ತಾ ನಾಟಕದ ಪದ ಹಾಡುತ್ತಿತ್ತು. ಅಕ್ಕ ಬೆಂಚಿನ ಮೇಲೆ ಕಾಲು ಚಾಚಿ, ಅಮ್ಮ ಇದೇ ಪದವನ್ನು ಇನ್ನೂ ಕೆಟ್ಟದಾಗಿ ಹಾಡುತ್ತಿದ್ದಳು ಎಂದಳು. ಗೆಂಗ್‌ಗೆ ಅಮ್ಮನ ದನಿಯೇ ನೆನಪಿರಲಿಲ್ಲ. ಹೇಗೆ ಹಾಡುತ್ತಿದ್ದಳು ಎಂದು ಕೇಳಿದ. ಅಕ್ಕ ಸಣ್ಣಗೆ ಹಾಡಿ ತೋರಿಸಿದಳು. ನಿಜಕ್ಕೂ ಕೆಟ್ಟದಾಗಿತ್ತು. ಮತ್ತೊಮ್ಮೆ ಹಾಡು ಎಂದ. ಮೂರನೇ ಸಲ ಹಾಡುತ್ತಾ ಹಾಡುತ್ತಾ, ಸಾಲಿನ ನಡುವೆಯೇ, ಅವಳು ಅವನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದಳು.

ಗಂಟೆ ಹನ್ನೆರಡಾಯಿತು. ಗೆಂಗ್‌ನ ಎಡಗಾಲು ಜೋಮು ಹಿಡಿದು ಮರದ ಕೊರಡಾಗಿತ್ತು, ಮೂಗಿನ ಮೇಲೆ ನೊಣ ಕೂತಿತ್ತು. ಅವನು ಅಲುಗಾಡಲಿಲ್ಲ. ಫೋನು ನಡುಗಿತು.

"ಎಷ್ಟು ಹೊತ್ತಿಗೆ ಬರ್ತೀರಿ?" ಎಂದಳು ಸೂಚಿನ್. "ನೂಡಲ್ಸ್ ಎಳೀಬೇಕು."

"ಗೊತ್ತಿಲ್ಲ."

"ಗೊತ್ತಿಲ್ವಾ? ರೀ, ಮೈಗೆ ಹುಷಾರಿದೆಯಾ?"

"ಮೆಲ್ಲಗೆ ಮಾತಾಡೇ," ಎಂದು ಗೆಂಗ್ ಪಿಸುಗುಟ್ಟಿದ. "ಎದ್ರೆ ಮತ್ತೆ ಬೈತಾಳೆ. ಇರು, ಇನ್ನೊಂದು ಗಂಟೆ ಬಿಟ್ಟು ಎಬ್ಬಿಸ್ತೀನಿ."