ಕಪ್ಪಿನ ಅಡಿ

ಯಾರ ಮನೆಗೆ ಹೋದರೂ ಕಪ್ಪು ಮಗುಚಿ ಅಡಿಯ ಮುದ್ರೆ ನೋಡುವುದು, ಪಿಂಗಾಣಿ ಕಾರ್ಖಾನೆ ನಡೆಸುವ ನನ್ನ ಹಾಳು ಚಾಳಿ. ಮೊನ್ನೆ ತಂಗಿಯ ಮನೆಯಲ್ಲಿ ಕೂತು, ಭಟ್ಟಿಯ ಗ್ಯಾಸಿನ ದರ ಮತ್ತೆ ಏರಿದ್ದನ್ನೇ ಯೋಚಿಸುತ್ತ, ಕಾಫಿ ತುಂಬಿದ ಕಪ್ಪನ್ನೇ ಮಗುಚಿಬಿಟ್ಟೆ. ಪ್ಯಾಂಟು ತೊಯ್ದರೂ ಕಣ್ಣು ಮಾತ್ರ ಅಡಿಯಲ್ಲೇ ಇತ್ತು. ವಿದೇಶದ ಮುದ್ರೆ!

“ನಮ್ಮ ಕಾರ್ಖಾನೆಯ ಲೆಕ್ಕ ಬರೆಯೋಳ ಮನೇಲೇ ಇದಾ?” ಎಂದು ರೇಗಿದೆ.

ತಂಗಿ ನಿಧಾನವಾಗಿ ನೆಲ ಒರೆಸಿದಳು. “ಅವರಿಗೆ ಗ್ಯಾಸ್ ಅಗ್ಗ ಅಣ್ಣಾ. ಹಡಗಿನ ಬಾಡಿಗೆ ಸೇರಿದ್ರೂ ಈ ಕಪ್ಪಿನ ಬೆಲೆ, ನಾವು ಒಂದು ಕಪ್ಪು ಸುಡೋ ಖರ್ಚಿಗಿಂತ ಕಮ್ಮಿ.”

“ಮನೆಯೋಳು ನೀನೇ ನಮ್ಮದನ್ನ ಕೊಳ್ಳದಿದ್ರೆ ಇನ್ಯಾರು ಕೊಳ್ತಾರೆ?”

“ಗ್ಯಾಸ್ ಏರಿತು ಅಂತ ಈ ವರ್ಷ ನೀನು ನನ್ನ ಸಂಬಳ ಏರಿಸಲಿಲ್ಲವಲ್ಲ. ಆ ಸಂಬಳಕ್ಕೆ ಈ ಕಪ್ಪೇ ಬರೋದು.”